ದೊಡ್ಡಮ್ಮ ತಂದ ದಿಂಬು

ವಿಮಾನ ನಿಲ್ದಾಣಗಳಲ್ಲಿ ಮಲಗುವ ವಿಷಯದಲ್ಲಿ ನನಗೆ ಸ್ವಲ್ಪ ಜಂಬವಿತ್ತು. ವಿಶಾಖಪಟ್ಟಣದ ಔಷಧ ಕಂಪನಿಯೊಂದರ ಕೆಲಸದ ಮೇಲೆ ಊರೂರು ತಿರುಗುವವಳು ನಾನು. ಅಗ್ಗದ ಟಿಕೆಟ್ ಕೊಟ್ಟು ಕಳಿಸುತ್ತಾರೆ, ನಡುವೆ ಎಲ್ಲೋ ಅರ್ಧ ದಿನ ಕಾಯಿಸುತ್ತಾರೆ. ಕೈಯಿಡುವ ಕಂಬಿ ಇಲ್ಲದ ಕುರ್ಚಿಸಾಲು ಯಾವ ಮೂಲೆಯಲ್ಲಿರುತ್ತದೆ, ಏಸಿ ಗಾಳಿ ಮುಖಕ್ಕೆ ಹೊಡೆಯದ ಜಾಗ ಯಾವುದು, ಬ್ಯಾಗಿನ ಪಟ್ಟಿ ಕಾಲಿಗೆ ಸುತ್ತಿಕೊಂಡು ನಿದ್ದೆ ಮಾಡುವುದು ಹೇಗೆ ಎಂದೆಲ್ಲ ಗೆಳತಿಯರಿಗೆ ಪಾಠ ಮಾಡುತ್ತಿದ್ದೆ. ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಗೆದ್ದು ಬಂದವಳಿಗೆ ವಾದವಿಲ್ಲದ ಅಭಿಪ್ರಾಯ ಇರುವುದಿಲ್ಲ. ನಿದ್ದೆಯ ಬಗ್ಗೆಯೂ ನನ್ನದೊಂದು ವಾದ ಇತ್ತು.

ಆ ಜಂಬ ಇಳಿದದ್ದು ವಿಜಯವಾಡದಲ್ಲಿ, ಹಾಡುಹಗಲು.

ನೌಕಾಪಡೆಯಿಂದ ನಿವೃತ್ತರಾಗಿ ವಿಶಾಖಪಟ್ಟಣದಲ್ಲೇ ನೆಲೆಸಿದ್ದ ಚಿಕ್ಕಪ್ಪ ತೀರಿಕೊಂಡಿದ್ದರು. ಅಪ್ಪ ಅಮ್ಮ ಮೈಸೂರಿನಿಂದ ಓಡಿ ಬಂದಿದ್ದರು. ಕ್ರಿಯೆಗಳು ಮುಗಿಯುವ ತನಕ ಅಪ್ಪ ಉಳಿದರು. ಅಮ್ಮ ಟೀಚರ್, ಶಾಲೆಯಲ್ಲಿ ಪರೀಕ್ಷೆ, ಹೊರಡಲೇಬೇಕಿತ್ತು. ನೇರ ವಿಮಾನದಲ್ಲಿ ಸೀಟಿರಲಿಲ್ಲ. ಬೆಳಿಗ್ಗೆ ವಿಜಯವಾಡಕ್ಕೆ, ಸಂಜೆ ಅಲ್ಲಿಂದ ಬೆಂಗಳೂರಿಗೆ ಎಂದು ಬೇರೆ ಬೇರೆ ಎರಡು ಟಿಕೆಟ್ ತೆಗೆದು, ಅವಳ ಜೊತೆಗೆ ನಾನೂ ಹೊರಟೆ.

ವಿಜಯವಾಡದ ಪಟಮಟದಲ್ಲಿ ಅಮ್ಮನ ಒಬ್ಬಳೇ ಅಕ್ಕ ಇದ್ದಾಳೆ. ಆ ವಾರವೇ ದೊಡ್ಡಮ್ಮನ ಮಗನ ಮದುವೆ. ಸೂತಕ ಅಂಟಿದವರು ಮದುವೆ ಮನೆಯ ಹೊಸ್ತಿಲು ತುಳಿಯುವ ಹಾಗಿಲ್ಲವೆಂದು ಅಮ್ಮ ಫೋನಿನಲ್ಲೇ ಅತ್ತು ಮದುವೆ ತಪ್ಪಿಸಿಕೊಂಡಿದ್ದಳು. ಸಾಲದ್ದಕ್ಕೆ, ನಾವು ಹೈದರಾಬಾದ್ ಮೇಲೆ ಹೋಗುತ್ತೇವೆ ಎಂದು ಸುಳ್ಳನ್ನೂ ಹೇಳಿದ್ದಳು.

ಟರ್ಮಿನಲ್ ಬಾಗಿಲಲ್ಲಿ ನಮ್ಮ ಟಿಕೆಟ್ ನೋಡಿ, ಇನ್ನೂ ಬಹಳ ಹೊತ್ತಿದೆ, ಆಮೇಲೆ ಬನ್ನಿ ಅಂದರು. ಹೊರಗಿನ ಕುರ್ಚಿಗಳಿಗೆಲ್ಲ ಕಂಬಿ. ಮಲಗುವ ಜಾಗ ಹುಡುಕುವುದರಲ್ಲಿ ನಾನೇ ಪರಿಣಿತೆಯಲ್ಲವೇ? ಕಂಬದ ಹಿಂದೆ, ಫ್ಯಾನಿನ ಗಾಳಿ ತಾಗುವಷ್ಟು ದೂರದಲ್ಲಿ ಅಮ್ಮನ ಹೊದಿಕೆ ಹಾಸಿ, ತಲೆಯಡಿಗೆ ನನ್ನ ಬ್ಯಾಗು ಕೊಟ್ಟೆ. ನಾಲ್ಕು ದಿನದಿಂದ ಸರಿಯಾಗಿ ನಿದ್ದೆಯಿಲ್ಲದ ಅಮ್ಮ ಸೊಂಟ ಹಿಡಿದುಕೊಂಡು ಮಲಗಿದಳು. ಕಣ್ಣು ಹತ್ತುವಷ್ಟರಲ್ಲಿ ಕಾವಲಿನವನು ಬಂದ.

"ಇಕ್ಕಡ ಪಡುಕೋಕೂಡದಮ್ಮಾ."

ಇಲ್ಲಿ ಮಲಗಬಾರದೆಂಬ ನಿಯಮ ಎಲ್ಲಿ ಬರೆದಿದೆ ತೋರಿಸಿ ಎಂದು ನನ್ನ ಹರಕು ತೆಲುಗಿನಲ್ಲಿ ಶುರು ಮಾಡಿದೆ. ವಾದ ಗೆದ್ದು ತಿರುಗಿ ನೋಡಿದರೆ ಅಮ್ಮ ಆಗಲೇ ಎದ್ದು ಹೊದಿಕೆ ಮಡಚುತ್ತಿದ್ದಳು. ಸುತ್ತಲಿನವರೆಲ್ಲ ನೋಡುತ್ತಿದ್ದರು.

"ಸಾಕು ಬಿಡೇ. ಕೂತೇ ಇರ್ತೀನಿ."

"ನಿನ್ನ ಅಕ್ಕನ ಮನೆ ಇದೇ ಊರಲ್ಲಿದೆ. ನೀನು ನೆಲದ ಮೇಲೆ ಬಿದ್ಕೋತೀಯ. ಇದಕ್ಕೇನಾದರೂ ಅರ್ಥ ಇದೆಯಾ?"

"ಗೊತ್ತಿದ್ದೂ ಕೇಳಬೇಡ."

"ನಾಡಿದ್ದು ಶಾಲೆಗೆ ಹೋಗ್ತೀಯಲ್ಲ, ಅಲ್ಲಿ ಮಕ್ಕಳಿಗೆ ಅಂಟಲ್ವಾ ಸೂತಕ? ವಿಮಾನದಲ್ಲಿ ಪಕ್ಕ ಕೂತಿದ್ದರಲ್ಲ ಒಬ್ಬರು, ಅವರ ಮನೇಲಿ ಮದುವೆ ಇದ್ದರೆ?"

"ಅವರ‍್ಯಾರೂ ನನ್ನ ಅಕ್ಕ ಅಲ್ಲವಲ್ಲ."

ಇದು ಉತ್ತರವೇ ಅಲ್ಲ ಎಂದುಕೊಂಡೆ. ಎದುರಾಳಿ ಭಾವನೆಗೆ ಜಾರಿದಳು ಎಂದರೆ ಅವಳ ಹತ್ತಿರ ಸರಕು ಮುಗಿಯಿತು ಎಂದು ಚರ್ಚಾಸ್ಪರ್ಧೆಗೆ ನಮಗೆ ಕಲಿಸಿದ್ದರು. ದೊಡ್ಡಮ್ಮ ಪೇಟೆಯವಳು, ಮಕ್ಕಳು ಮನೆಯಲ್ಲೂ ತೆಲುಗಿನಲ್ಲೇ ಮಾತಾಡುವಷ್ಟು ಆ ಊರಿನವರಾಗಿದ್ದಾರೆ, ಇಂಥದ್ದನ್ನೆಲ್ಲ ಯಾರು ನೋಡುತ್ತಾರೆ? ಅವಳ ಬಾಯಿಂದಲೇ ಬನ್ನಿ ಅನ್ನಿಸಿದರೆ ಅಮ್ಮನ ವಾದ ಬಿದ್ದುಹೋಗುತ್ತದೆ. ಫೋನ್ ಹಚ್ಚಿ, ಅಮ್ಮನಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದೆ.

"ದೊಡ್ಡಮ್ಮಾ, ನಾವು ಇಲ್ಲೇ, ನಿಮ್ಮ ಏರ‍್ಪೋರ್ಟಲ್ಲಿದೀವಿ. ಸಂಜೆವರೆಗೂ ಟೈಮಿದೆ. ಅಮ್ಮನಿಗೆ ಸೊಂಟ ನೋವು. ಮನೆಗೆ ಬರೋಣ ಅಂತ."

ಅತ್ತ ಕಡೆ ಮಿಕ್ಸಿ ತಿರುಗುತ್ತಿತ್ತು, ಯಾರೋ ಚಪ್ಪರದ ಬೊಂಬಿಗೆ ಮೊಳೆ ಹೊಡೆಯುತ್ತಿದ್ದರು, ಹೆಂಗಸರು ನಗುತ್ತಿದ್ದರು.

"ಚಿನ್ನಾ..." ಅಂದಳು ದೊಡ್ಡಮ್ಮ. "ಬೀಗರು ಬಂದಿದಾರೆ ಕಣೇ. ಇವತ್ತೇ ಅರಿಶಿನ..."

ಅಮ್ಮ ಫೋನು ಕಿತ್ತುಕೊಂಡಳು. "ಅಕ್ಕಾ, ಇವಳಿಗೆ ತಲೆ ಕೆಟ್ಟಿದೆ. ನಾವ್ಯಾಕೆ ಬರ‍್ತೀವಿ? ಇಲ್ಲಿ ಲಾಂಜ್ ಇದೆ, ಏಸಿ ಇದೆ, ಮಂಚ ಕೊಟ್ಟಿದಾರೆ. ನಾನು ಮಲಗೇ ಇದ್ದೆ. ನೀನು ಕೆಲಸ ನೋಡ್ಕೋ."

ಫೋನ್ ಇಟ್ಟು ನನ್ನನ್ನು ನೋಡಿದಳು. "ಅವಳ ಕೈಲಿ ಬೇಡ ಅನ್ನಿಸಬಾರದು ಅಂತಾನೇ ಸುಳ್ಳು ಹೇಳಿದ್ದೆ. ಅನ್ನಿಸಿಬಿಟ್ಟೆಯಲ್ಲ."

ಬೈದಿದ್ದರೆ ಎದುರು ವಾದಿಸಬಹುದಿತ್ತು. ಅಮ್ಮನ ದನಿ ಏರಲೇ ಇಲ್ಲ. ಸೂತಕ ಸುಳ್ಳು ಎಂದು ಆಗಲೂ ನಂಬಿದ್ದೆ, ಈಗಲೂ ನಂಬಿದ್ದೇನೆ. ಆದರೆ ಅಮ್ಮ ಇಡೀ ದಿನ ಕಾಪಾಡುತ್ತಿದ್ದದ್ದು ಸೂತಕವನ್ನಲ್ಲ, ಅಕ್ಕನನ್ನು. ಅದು ನನ್ನ ತಲೆಗೇ ಹೊಳೆದಿರಲಿಲ್ಲ.

ಮಧ್ಯಾಹ್ನ ಒಂದು ಆಟೋ ಬಂದು ನಿಂತಿತು. ದೊಡ್ಡಮ್ಮ ಇಳಿದಳು. ಕೈತುಂಬ ಹೊಸ ಬಳೆ, ಬೆರಳಿಗೆ ಅರಿಶಿನ, ಒಂದು ಕೈಯಲ್ಲಿ ಟಿಫನ್ ಕ್ಯಾರಿಯರ್, ಕಂಕುಳಲ್ಲಿ ದಿಂಬು. ಅಮ್ಮ ಧಡಕ್ಕನೆ ಎದ್ದು ಹಿಂದೆ ಸರಿದಳು.

"ಮುಟ್ಟಬೇಡ ಅಕ್ಕಾ!"

"ಮುಟ್ಟಲ್ಲ ಮಹರಾಯ್ತಿ, ಕೂತ್ಕೋ. ಎಲ್ಲಿ, ಮಂಚ ಕೊಟ್ಟಿದಾರೆ ಅಂದ್ಯಲ್ಲ, ತೋರಿಸು ನೋಡೋಣ."

ಅಮ್ಮನಿಗೆ ನಗುವೂ ಬಂತು, ಅಳುವೂ ಬಂತು. ದೊಡ್ಡಮ್ಮ ಒಂದು ಕುರ್ಚಿ ಬಿಟ್ಟು ಕೂತಳು. ನಡುವಿನ ಕುರ್ಚಿಯ ಮೇಲೆ ದಿಂಬು ಇಟ್ಟಳು. ಅಮ್ಮ ಕೂತಲ್ಲೇ ವಾಲಿ, ಕಂಬಿಯ ಮೇಲೆ ತೋಳಿಟ್ಟು ದಿಂಬಿಗೆ ತಲೆ ಕೊಟ್ಟಳು. ಮದುವೆ ಸೀರೆಯ ಬಣ್ಣ, ಹುಡುಗಿಯ ಸ್ವಭಾವ, ಅಡುಗೆಯವರ ಜಗಳ ಎಂದು ದೊಡ್ಡಮ್ಮ ಮೆಲ್ಲಗೆ ಹೇಳುತ್ತ ಹೋದಳು. ಅಮ್ಮ ಹೂಂ ಹೂಂ ಅನ್ನುತ್ತಲೇ ನಿದ್ದೆ ಹೋದಳು. ಕಾವಲಿನವನು ಮತ್ತೆ ಬಂದ. "ಮಾ ಚೆಲ್ಲೆಲು," ನನ್ನ ತಂಗಿ, ಅಂದಳು ದೊಡ್ಡಮ್ಮ. ಅವನು ತಲೆಯಾಡಿಸಿ ಹೋದ.

"ದೊಡ್ಡಮ್ಮಾ, ನಾನು ಫೋನ್ ಮಾಡಬಾರದಿತ್ತು," ಅಂದೆ.

"ನೀನು ಸರಿಯಾಗೇ ಕೇಳಿದೆ ಮಗಾ. ನಾನೇ..." ಅಂದವಳು ಮಾತು ಮುಗಿಸದೆ ಬೆರಳಿನ ಅರಿಶಿನ ಉಜ್ಜಿಕೊಂಡಳು. ತಲೆ ತಗ್ಗಿಸಬೇಕಾದವಳು ನಾನು, ತಗ್ಗಿಸಿದವಳು ಅವಳು.

ಹೊರಡುವ ಹೊತ್ತಿಗೆ ಅಮ್ಮ ಎದ್ದು ದಿಂಬು ಕೊಡವಿ, ಕೊಡಲು ಹೋಗಿ ಹಾಗೇ ನಿಂತಳು. ಇಡೀ ಮಧ್ಯಾಹ್ನ ತಲೆಯಿಟ್ಟು ಮಲಗಿದ ದಿಂಬು, ಅದು ಹೋಗಬೇಕಾದದ್ದು ಚಪ್ಪರದ ಮನೆಗೆ. ದೊಡ್ಡಮ್ಮನ ಕೈ ಮುಂದೆ ಬಂದು ಅರ್ಧಕ್ಕೇ ತಡೆಯಿತು. ದಿಂಬಿನ ಹತ್ತಿಗೆ ಸೂತಕ ಅಂಟುತ್ತದೆಯೇ ಎಂಬುದಕ್ಕೆ ನನ್ನ ಬಳಿ ಒಳ್ಳೆಯ ವಾದವೇ ಇತ್ತು, ಅದನ್ನು ಬದಿಗಿಟ್ಟೆ.

"ದೊಡ್ಡಮ್ಮಾ, ಇದು ನನಗೆ ಕೊಡು. ಎಲ್ಲೆಲ್ಲೋ ಮಲಗ್ತಿರ‍್ತೀನಿ, ಬೇಕಾಗುತ್ತೆ," ಅಂದು ಅಮ್ಮನ ಕೈಯಿಂದ ತೆಗೆದುಕೊಂಡೆ.

"ಇಟ್ಕೋ ಇಟ್ಕೋ," ಅಂದಳು ದೊಡ್ಡಮ್ಮ, ಬಹಳ ಬೇಗ.

ಅವಳ ಆಟೋ ಹೊರಟುಹೋಯಿತು. ಅಮ್ಮ ನನ್ನ ಕಡೆ ತಿರುಗಲಿಲ್ಲ. ದಿಂಬನ್ನು ಎದೆಗವಚಿಕೊಂಡು ಅಮ್ಮನ ಹಿಂದೆ ಟರ್ಮಿನಲ್ ಬಾಗಿಲಿನ ಸಾಲಿನಲ್ಲಿ ನಿಂತೆ.