ಎಡಕ್ಕ ತಗ್ಗೈತಿ

ಹೈದರಾಬಾದಿನ ವೃತ್ತಿಪರ ಗಾಲ್ಫ್ ಪಂದ್ಯಕ್ಕೆ ಪತ್ರಿಕೆಯವರು ನನ್ನನ್ನು ಕಳಿಸಿದ್ದು ಕ್ರಿಕೆಟ್ ಬರೆಯುವವನಿಗೆ ಜ್ವರ ಬಂದಿದ್ದರಿಂದ. ನನಗೆ ಅರ್ಥವಾಗಿದ್ದು ಇಷ್ಟೇ: ದಿಲ್ಲಿಯ ಆಟಗಾರ ಈ ಚೆಂಡನ್ನು ಒಂದೇ ಏಟಿಗೆ ಕುಳಿಗೆ ಹಾಕಿದರೆ ನಾಳೆಯೂ ಆಡುತ್ತಾನೆ, ಇಲ್ಲದಿದ್ದರೆ ಇವತ್ತೇ ಮನೆಗೆ ಹೋಗುತ್ತಾನೆ.

ಅವನು ಕುಕ್ಕರಗಾಲಲ್ಲಿ ಕೂತು ಹುಲ್ಲನ್ನೇ ದಿಟ್ಟಿಸುತ್ತಿದ್ದ. ಆ ಹುಲ್ಲನ್ನು ದಿನಾ ಕತ್ತರಿಸುವ ಯಾದಗಿರಿಯ ಮಲ್ಲಮ್ಮ ನನ್ನ ಪಕ್ಕದಲ್ಲಿ ನಿಂತಿದ್ದಳು.

"ಎಡಕ್ಕ ತಗ್ಗೈತಿ. ನೀ ಸ್ವಲ್ಪ ಬಲಕ್ಕ ಹೊಡಿಯೋ ಯಪ್ಪಾ," ಎಂದಳು, ಎಲ್ಲರಿಗೂ ಕೇಳುವ ಹಾಗೆ.

ರೆಫರಿ ದಡದಡ ಬಂದರು. ಹೊರಗಿನವರು ಆಟಗಾರನಿಗೆ ಸಲಹೆ ಕೊಡುವಂತಿಲ್ಲ. ನಾವಿಬ್ಬರೂ ಮಾತಾಡುತ್ತಿದ್ದದ್ದನ್ನು ನೋಡಿದ್ದರೇನೋ, ನನ್ನನ್ನೇ ಹಿಡಿದರು. "ಮೇಡಂ, ಕ್ಯಾ ಬೋಲೀ ಯೇ?"

ನಿಜ ಹೇಳಿದರೆ ಮಲ್ಲಮ್ಮನ ಕೆಲಸ ಹೋಗುತ್ತಿತ್ತು. ಬಿಸಿಲು ಜೋರಾಗಿದೆ ಎನ್ನುತ್ತಿದ್ದಾಳೆ ಅಂತ ಹಿಂದಿಯಲ್ಲಿ ಹೇಳಿಬಿಟ್ಟೆ. ಅವರು ಮೋಡ ಕವಿದ ಆಕಾಶ ನೋಡಿದರು, ನನ್ನನ್ನು ನೋಡಿದರು, ಪುಣ್ಯಕ್ಕೆ ಹಿಂದೆ ಸರಿದರು.

ಆಟಗಾರ ನೇರವಾಗಿ ಹೊಡೆದ. ಚೆಂಡು ಕುಳಿಯ ಹತ್ತಿರ ಹೋಗಿ, ಮನಸ್ಸು ಬದಲಾಯಿಸಿದಂತೆ ಎಡಕ್ಕೆ ಜಾರಿತು.

"ಹೇಳಿದ್ನಿಲ್ರೀ ಅಕ್ಕಾರ," ಎಂದಳು ಮಲ್ಲಮ್ಮ, ನಿಜಕ್ಕೂ ಬೇಜಾರಿನಿಂದ. "ಇಷ್ಟ ದೊಡ್ಡ ಆಟಗಾರ, ಕನ್ನಡ ಬರೂದಿಲ್ಲೇನ್ರಿ?"

ಇಳಿಜಾರು ಅರ್ಥವಾಗದೆ ಸೋತ ಎಂದು ವರದಿ ಕಳಿಸಿದೆ. ಕನ್ನಡ ಅರ್ಥವಾಗದೆ ಸೋತ ಎಂದು ಬರೆದಿದ್ದರೆ ಸಂಪಾದಕರು ಕ್ರೀಡಾಪುಟದಿಂದ ಎತ್ತಿ ಮುಖಪುಟಕ್ಕೇ ಹಾಕುತ್ತಿದ್ದರು.