ಎಲ್ಲರೂ ಐದಕ್ಕೆ ಐದು

ಗುಂಡ್ಲುಪೇಟೆಯ ಈರುಳ್ಳಿ ಮಂಡಿಯಿಂದ ನಾನು ತುಂಬಿಸಿ ತಂದ ನಲವತ್ತು ಹಾಳೆಗಳನ್ನು ನೋಡಿ ನನ್ನ ಗೈಡ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಏನಮ್ಮಾ ಇದು, ಎಲ್ಲರೂ ಐದಕ್ಕೆ ಐದು? ಇಷ್ಟೊಂದು ಧನ್ಯಾತ್ಮರು ನಮ್ಮ ಜಿಲ್ಲೆಯಲ್ಲಿದ್ದಾರಾ?"

ಜನ ತಮ್ಮ ಕೆಲಸವನ್ನು ಬರೀ ಹೊಟ್ಟೆಪಾಡು ಅಂದುಕೊಳ್ಳುತ್ತಾರೋ, ತಾವು ಇದಕ್ಕೇ ಹುಟ್ಟಿದವರು ಅಂದುಕೊಳ್ಳುತ್ತಾರೋ, ಅದನ್ನು ಅಳೆಯುವುದು ನನ್ನ ಪಿಎಚ್‌ಡಿ. ಹನ್ನೆರಡು ವಾಕ್ಯ, ಒಂದೊಂದಕ್ಕೂ ಒಂದರಿಂದ ಐದರೊಳಗೆ ಅಂಕ. ಚಾಮರಾಜನಗರದ ಕಾಲೇಜಿನಲ್ಲಿ ಪಾಠ ಮಾಡಿಕೊಂಡು, ರಜೆ ಸಿಕ್ಕಾಗೆಲ್ಲ ಬಸ್ಸು ಹತ್ತಿ ನಾಲ್ಕು ವರ್ಷ ಎಳೆದಿದ್ದೆ. ಈ ತಿಂಗಳೊಳಗೆ ನಂಬುವಂಥ ಉತ್ತರ ತರದಿದ್ದರೆ ವಿಷಯವನ್ನೇ ಕೈಬಿಡಿ ಎಂದರು ಗೈಡ್. ಮೈಯೆಲ್ಲ ಉರಿಯಿತು. ಬಿಡೋದಾ? ನಾನಾ? ಮಾರನೆಯ ಬೆಳಿಗ್ಗೆಯೇ ಬಸ್ಸಿನಲ್ಲಿದ್ದೆ.

ಮಂಡಿಯಲ್ಲಿ ಈರುಳ್ಳಿ ಆಯುವ ಹೆಂಗಸರಿಗೆಲ್ಲ ಹಿರಿಯಳಾದ ಅಕ್ಕನನ್ನು ನೇರವಾಗಿ ಕೇಳಿದೆ, ಎಲ್ಲರೂ ಎಲ್ಲದಕ್ಕೂ ಐದೇ ಯಾಕೆ ಹಾಕಿದಿರಿ ಅಂತ.

"ಅಯ್ಯೋ, ಇನ್ನೇನ್ ಮೇಡಮ್ಮೋರೆ! ಅಷ್ಟು ದೂರದಿಂದ ಬಿಸ್ಲಲ್ಲಿ ಬಂದಿದ್ರಿ. ನಿಮ್ಗೆ ಕಮ್ಮಿ ಕೊಟ್ಟು ಕಳ್ಸಕಾದದಾ? ನಾನೇ ಎಲ್ರಿಗೂ ಏಳ್ದೆ, ಪೂರ್ತಿ ಆಕ್ಬುಡಿ, ಪಾಪ ಪಾಸಾಗ್ಲಿ ಅಂತ."

ನನಗೇ ಅಂಕ ಕೊಟ್ಟಿದ್ದರು! ಮನೆಗೆ ಬಂದವರ ಎಲೆಗೆ ಕಡಿಮೆ ಬಡಿಸಬಾರದೆಂಬ ಮರ್ಯಾದೆ ನನ್ನ ನಾಲ್ಕು ವರ್ಷದ ಮೇಲೆ ನೀರು ಹೊಯ್ದಿತ್ತು. ಸಿಟ್ಟೂ ಬಂತು, ನಗುವೂ ಬಂತು.

ಮಾತಾಡುವಾಗಲೂ ಅಕ್ಕನ ಕೈ ನಿಂತಿರಲಿಲ್ಲ. ದಪ್ಪದ್ದು ಒಂದು ಗುಡ್ಡೆ, ನಡುವಿನದು ಒಂದು, ಸಣ್ಣದು ಒಂದು, ಕೊಳೆತದ್ದು ಗೋಡೆ ಕಡೆಗೆ. ಆ ಕೈಗೆ ಯಾರ ದಾಕ್ಷಿಣ್ಯವೂ ಇರಲಿಲ್ಲ. ಅಲ್ಲೇ ಕುಕ್ಕರಗಾಲಲ್ಲಿ ಕೂತು ಹನ್ನೆರಡು ವಾಕ್ಯಗಳನ್ನು ಹನ್ನೆರಡು ಚೀಟಿಗಳಲ್ಲಿ ಬರೆದೆ. "ಅಂಕ ಬೇಡ ಅಕ್ಕ, ಈರುಳ್ಳಿ ಆಯ್ದ ಹಾಗೆ ಇವನ್ನೂ ಆಯ್ದು ಹಾಕಿ. ಪೂರ್ತಿ ನಿಜ ಅನ್ನಿಸಿದ್ದು ದಪ್ಪದ ಗುಡ್ಡೆಗೆ, ಬರೀ ಸುಳ್ಳು ಅನ್ನಿಸಿದ್ದು ಗೋಡೆ ಕಡೆಗೆ" ಎಂದು ಒಂದೊಂದೇ ಓದಿ ಕೈಗೆ ಕೊಟ್ಟೆ.

'ನನ್ನ ಕೆಲಸದಿಂದ ನಾಲ್ಕು ಜನಕ್ಕೆ ಉಪಯೋಗವಿದೆ.' ದಪ್ಪದ ಗುಡ್ಡೆ. 'ಕೆಲಸದಲ್ಲಿ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ.' ಸಣ್ಣದರ ಗುಡ್ಡೆ. "ಸೊಂಟಕ್ಕೆ ಗೊತ್ತಾಯ್ತದೆ ಕಣ್ರವ್ವ." 'ಇನ್ನೊಂದು ಜನ್ಮವಿದ್ದರೂ ಇದೇ ಕೆಲಸ.' ಚೀಟಿ ಸೀದಾ ಗೋಡೆ ಕಡೆ ಹೋಯಿತು. ಸುತ್ತಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ನನಗೆ ಎದ್ದು ಕುಣಿಯುವಷ್ಟು ಖುಷಿ.

ಅವಳ ಉತ್ತರ ಬರೆದುಕೊಂಡು ಮುಗಿಸಿದೆನೋ ಇಲ್ಲವೋ, ಚೀಟಿಗಳನ್ನೆಲ್ಲ ಬಾಚಿ ನನ್ನ ಮಡಿಲಿಗೆ ಹಾಕಿದಳು. "ಈಗ ನೀವು ಆಯ್ರಿ ನೋಡನ."

ಶುರುವಿನಲ್ಲಿ ಈ ಹಾಳೆಯನ್ನು ಎಲ್ಲರಿಗಿಂತ ಮೊದಲು ತುಂಬಿದವಳು ನಾನೇ. ಗೈಡ್ ಎದುರು ಕೂತು ಹನ್ನೆರಡಕ್ಕೂ ಐದು ಹಾಕಿದ್ದೆ. ನೆನಪಾಗಿ ಕಿವಿ ಬಿಸಿಯಾಯಿತು. 'ಈ ಕೆಲಸಕ್ಕೆಂದೇ ನಾನು ಹುಟ್ಟಿದ್ದು' ಎಂಬ ಚೀಟಿ ಹಿಡಿದು ಸುಮಾರು ಹೊತ್ತು ಕೂತೆ.

"ಕೈಲಿ ಇಟ್ಕಂಡು ಕೂತ್ರೆ ಆಗಕಿಲ್ಲ, ಆಕಿ" ಅಂದಳು ಅಕ್ಕ.

ನಡುವಿನ ಗುಡ್ಡೆಗೆ ಹಾಕಿದೆ. ಹಾಕಿದ ಮೇಲೆ ಅಳು ಬಂದ ಹಾಗಾಯಿತು.

"ಯಾಕ್ರವ್ವ ಮೊಕ ಸಣ್ಣ ಮಾಡ್ಕಂಡ್ರಿ? ದಪ್ಪದ್ದು ಬಿರ್ನೆ ಕೊಳೀತದೆ. ನಡುವಿನದೇ ಬಾಳ್ಕೆ ಬರೋದು."

ಹೊಸ ಹಾಳೆಯಲ್ಲಿ ಅವಳ ಉತ್ತರದ ಕೆಳಗೆ ನನ್ನದನ್ನೂ ಬರೆದುಕೊಂಡೆ. ಕಣ್ಣೊರೆಸಿಕೊಂಡು, ಪಕ್ಕದಲ್ಲಿದ್ದವಳ ಕೈಗೆ ಚೀಟಿ ಕೊಟ್ಟೆ.