ಕುದುರೆ ವರ್ಷದ ಎರಡು ಅಳು

ಬೆಟ್ಟಗಳ ನಡುವಿನ ನಮ್ಮ ನರೀನ್ ಊರಿನ ಹಳೆಯ ಬಾನುಲಿ ಕಟ್ಟಡದಲ್ಲಿ ಧ್ವನಿ ಭಂಡಾರ ಅಂದರೆ ಕಲೀಪಾ, ಕಲೀಪಾ ಅಂದರೆ ಧ್ವನಿ ಭಂಡಾರ. ನಿವೃತ್ತಿಯಾಗಿ ಎಷ್ಟೋ ಕಾಲವಾದರೂ ಬೀಗದ ಕೈ ಬಿಟ್ಟುಕೊಟ್ಟವಳಲ್ಲ. ಊರಿಗೆಲ್ಲ ಅವಳು ‘ಎಜೆ’, ಅಂದರೆ ಅಕ್ಕ. ಬೂಷ್ಟು ಹಿಡಿದು ಸಾಯುತ್ತಿದ್ದ ಟೇಪುಗಳನ್ನೆಲ್ಲ ಕಂಪ್ಯೂಟರಿಗೆ ಏರಿಸಿದವಳು ಅವಳೇ. ಫೈಲುಗಳಿಗೆ ಹೆಸರನ್ನು ಹಳ್ಳಿಯವರ ಬಾಯಲ್ಲಿ ಬಂದ ಹಾಗೇ ಇಟ್ಟಳು: ‘ಕುರಿ ವರ್ಷ, ಮದುವೆ ಹಾಡು’, ‘ಕುದುರೆ ವರ್ಷ, ಸಾವಿನ ಹಾಡು’. ನಮ್ಮಲ್ಲಿ ವರ್ಷಕ್ಕೆ ಪ್ರಾಣಿಯ ಹೆಸರು. ಹನ್ನೆರಡಕ್ಕೊಮ್ಮೆ ಅದೇ ಪ್ರಾಣಿ ಮರಳಿ ಬರುತ್ತದೆ. ಎಷ್ಟನೇ ಸುತ್ತು ಅನ್ನುವುದನ್ನು ಎದುರಿಗಿದ್ದವರ ಮುಖ ನೋಡಿ ತಿಳಿಯಬೇಕು. ಫೈಲಿಗೆ ಮುಖವೆಲ್ಲಿ? ಅದಕ್ಕೇ ಹಾಡನ್ನು ಟೇಪಿಗೆ ಹಿಡಿದ ದಿನವನ್ನು ಫೈಲಿನ ತಾರೀಖಾಗಿ ಕೂರಿಸಿದ್ದಳು.

“ಹೆಸರನ್ನ ಯಾರು ಬೇಕಾದ್ರೂ ಬದಲಾಯಿಸ್ತಾರೆ, ತಾರೀಖಿನ ತಂಟೆಗೆ ಯಾರೂ ಹೋಗಲ್ಲ” ಎಂದು ಬೀಗುತ್ತಿದ್ದಳು.

ತಂಟೆಗೆ ಹೋದವಳು ಅವಳೇ. ಕಂಪ್ಯೂಟರು ಕೊನೆಯುಸಿರು ಎಳೆಯುವ ಹೊತ್ತಿಗೆ ಎಲ್ಲವನ್ನೂ ಬೇರೊಂದು ಡಿಸ್ಕಿಗೆ ನಕಲು ಮಾಡಿದಳು. ಹಳೆಯದು ಕೊಳೆತ ಟೇಪುಗಳ ಸಮೇತ ಗುಜರಿಗೆ ಹೋಯಿತು. ಆ ಡಿಸ್ಕಿನ ಲೆಕ್ಕದಲ್ಲಿ ಲೋಕ ಹುಟ್ಟಿದ್ದೇ 1980ರ ಜನವರಿ ಒಂದರಂದು. ಅದಕ್ಕೂ ಹಿಂದಿನ ತಾರೀಖಿಗೆ ಅದರಲ್ಲಿ ಜಾಗವೇ ಇಲ್ಲ. ಹಿಂದಿನ ಮದುವೆ, ಸಾವು, ತೊಟ್ಟಿಲ ಹಾಡು ಎಲ್ಲವೂ ಆ ಒಂದೇ ದಿನಕ್ಕೆ ಬಂದು ಬಿದ್ದಿದ್ದವು. ತಾರೀಖು ಇಡುವ ಜಾಗ ಹಿಂದಕ್ಕೂ ಮುಂದಕ್ಕೂ ಅಗಲವಾಗಿರಬೇಕು, ವರ್ಷವನ್ನು ಹೆಸರಿನಲ್ಲೂ ಬರೆದಿಡಬೇಕು ಎಂದು ಈಗ ಬಂದವರಿಗೆಲ್ಲ ಹೇಳುತ್ತಾಳೆ. ಹೇಳಿ ಏನು ಬಂತು?

ಮೊನ್ನೆ ತೋಲೋಮುಶ್ ಬಂದ, ಅರವತ್ತರ ಕುರಿಗಾಹಿ. ಅವನು ತೊಟ್ಟಿಲಲ್ಲಿದ್ದಾಗ, ಒಂದು ಕುದುರೆ ವರ್ಷ, ಅಪ್ಪ ಸತ್ತ. ತಾಯಿಯನ್ನು ಚಿಕ್ಕಪ್ಪನಿಗೇ ಕಟ್ಟಿದರು. ಮುಂದಿನ ಕುದುರೆ ವರ್ಷ ಆ ಚಿಕ್ಕಪ್ಪನೂ ಹೋದ. ತಾಯಿಯ ಕಂಠ ಹೆಸರುವಾಸಿ. ಎರಡು ಸಾವಿಗೂ ಅವಳು ಅತ್ತು ಹಾಡಿದ್ದನ್ನು ಬಾನುಲಿಯವರು ಹಿಡಿದಿದ್ದರು.

“ಚಿಕ್ಕಪ್ಪನ ಏಟು ಇನ್ನೂ ಬೆನ್ನ ಮೇಲಿದೆ, ಎಜೆ. ಅಪ್ಪನ ಮುಖಾನೇ ಗೊತ್ತಿಲ್ಲ. ಅಮ್ಮ ಅಪ್ಪಂಗೆ ಅತ್ತಿದ್ದು ಯಾವ್ದು, ಅದೊಂದು ಕೇಳ್ಸು” ಅಂದ.

ಎರಡನ್ನೂ ಕೇಳಿಸಿದಳು. ಒಂದರಲ್ಲಿ ಕರುಳು ಹರಿದು ಬರುವ ದುಃಖ. ಇನ್ನೊಂದು ನೆಂಟರಿಷ್ಟರ ಮುಂದೆ ಅಳಲೇಬೇಕಲ್ಲ ಎಂದು ಅತ್ತ ಅಳು. ಗಂಡನ ಹೆಸರು ಹೇಳಬಾರದ ಹೆಂಗಸು ಎರಡರಲ್ಲೂ ‘ನನ್ನ ಗಿಡುಗ’ ಎಂದಷ್ಟೇ ಕರೆದಿದ್ದಳು.

“ಎರಡನೇ ಸಾವಿಗೆ ನೀನು ಅಲ್ಲೇ ಇದ್ಯಲ್ಲೋ?”

“ಹೆಂಗಸರು ಡೇರೆ ಒಳಗೆ. ನಾನು ಗಂಡಸರ ಜೊತೆ ಹೊರಗೆ ನಿಂತು ಗೋಳಾಡ್ತಿದ್ದೆ. ಆ ಗದ್ದಲದಲ್ಲಿ ಅಮ್ಮನ ಮಾತು ಎಲ್ಲಿ ಕೇಳ್ಸತ್ತೆ?” ಮಗುವಿನ ಹಾಗೆ ಕೇಳಿದ: “ಆ ಜೋರಾಗಿ ಅತ್ತಿದ್ದೇ ಅಪ್ಪಂಗೆ, ಅಲ್ವಾ ಎಜೆ?”

ಕಲೀಪಾ ತನ್ನ ಕೈಯಾರೆ ಒಬ್ಬನ ಅಪ್ಪನನ್ನು ಕಳೆದಿದ್ದಳು. ಒಂದು ಸುಳ್ಳು ಹೇಳಿದರೆ ಯಾರ ಗಂಟು ಹೋಗುತ್ತದೆ?

“ಇರು, ನೋಡ್ತೀನಿ” ಎಂದು ಪರದೆಯನ್ನು ತನ್ನ ಕಡೆ ತಿರುಗಿಸಿಕೊಂಡು, ಆ ದುಃಖದ ಹಾಡಿಗೆ ಅವನ ಅಪ್ಪ ಸತ್ತ ವರ್ಷ, 1966 ಎಂದು ತಾರೀಖು ಹಾಕಿದಳು. ಡಿಸ್ಕು ಮತ್ತೆ 1980 ತೋರಿಸಿತು. ಇನ್ನೊಮ್ಮೆ ಹಾಕಿದಳು. ಅದೇ. ಅವಳ ಸುಳ್ಳಿಗೂ ಅಲ್ಲಿ ಜಾಗವಿರಲಿಲ್ಲ.

ತೋಲೋಮುಶ್ ಎದ್ದು ಬಂದು ಅವಳ ಭುಜದ ಮೇಲಿಂದ ಬಗ್ಗಿ ನೋಡಿದ.

“ಎಂಬತ್ತರಲ್ಲಾ?” ಎಂದು ಟೋಪಿ ಎತ್ತಿಕೊಂಡ. “ಅಷ್ಟೊತ್ತಿಗೆ ಅಮ್ಮನೇ ಸತ್ತಿದ್ಲು, ಎಜೆ.”